ಸಹಾಯ ಬೇಕು: ದೂರ ಓಡಿಸಿದರೆ ಕಾರು ಬಿಸಿಯಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯವನು. ನನ್ನದು 2005ರ ಪೆಟ್ರೋಲ್ ಕಾರು. ಊರೊಳಗೆ ಎಷ್ಟು ಓಡಿಸಿದರೂ ತೊಂದರೆ ಇಲ್ಲ. ಕಾರವಾರಕ್ಕೆ ಹೋದರೆ ಮಾತ್ರ ಅಂಕೋಲಾ ದಾಟುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ವಾಪಸ್ ಬರುವಾಗ ದೇವಿಮನೆ ಘಾಟಿಯಲ್ಲಿ ಕೆಂಪು ಗೆರೆ ಮುಟ್ಟುತ್ತದೆ.

ಕಳೆದ ವಾರ ಅಮ್ಮ ಜೊತೆಗಿದ್ದರು. ಘಾಟಿಯ ತಿರುವಿನಲ್ಲಿ ಮುಕ್ಕಾಲು ಗಂಟೆ ನಿಲ್ಲಬೇಕಾಯಿತು. ತುಂಬಾ ಹೆದರಿಕೆಯಾಯಿತು. ತಣ್ಣಗಾದ ಮೇಲೆ ಮುಚ್ಚಳ ತೆಗೆದು ನೋಡಿದರೆ ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ಅರ್ಧ ಲೀಟರ್ ಕಡಿಮೆ. ಹೊರಗೆ ಎಲ್ಲೂ ಸೋರಿದ ಗುರುತಿಲ್ಲ.

ಫ್ಯಾನ್ ಸರಿಯಾಗಿ ತಿರುಗುತ್ತಿದೆ. ಹೇಗೂ ವೇಗದಲ್ಲಿ ಹೋಗುವಾಗ ಗಾಳಿ ಸಿಗುತ್ತದೆ, ಹಾಗಾಗಿ ಫ್ಯಾನಿನ ದೋಷ ಅಲ್ಲ ಅನಿಸುತ್ತದೆ. ಮೊದಲಿನ ಮಾಲೀಕರು ವರ್ಷಗಟ್ಟಲೆ ಬರೀ ಬಾವಿ ನೀರು ಹಾಕಿದ್ದರಂತೆ. ರೇಡಿಯೇಟರ್ ಒಳಗೆ ತುಕ್ಕು ಕಟ್ಟಿರಬಹುದಾ? ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಿದೆಯಾ? ಆದರೆ ಗ್ಯಾಸ್ಕೆಟ್ ಹೋದರೆ ಆಗುವ ಹಾಗೆ ಆಯಿಲ್ ಬೆಳ್ಳಗಾಗಿಲ್ಲ, ಬಿಳಿ ಹೊಗೆಯೂ ಇಲ್ಲ.

ಮೆಕ್ಯಾನಿಕ್ ಒಬ್ಬರು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆಗೆದುಬಿಡೋಣ ಅಂದರು. ಸುಮ್ನೆ ತೆಗೆಯುವುದು ನನಗೆ ಸರಿ ಕಾಣಲಿಲ್ಲ. ಮೊದಲು ಪ್ರೆಶರ್ ಟೆಸ್ಟ್ (ಒತ್ತಡ ಕೊಟ್ಟು ಕೂಲಂಟ್ ಸೋರಿಕೆ ಹುಡುಕುವುದು) ಮಾಡಿಸಲಾ, ರೇಡಿಯೇಟರ್ ಬಿಚ್ಚಿಸಲಾ? ಶಿರಸಿ, ಕುಮಟಾ ಕಡೆ ಈ ಟೆಸ್ಟ್ ಮಾಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮುಂದಿನ ಸೋಮವಾರ ಅಮ್ಮನನ್ನು ಮತ್ತೆ ಆಸ್ಪತ್ರೆಗೆ ಕರೆದೊಯ್ಯಬೇಕು.