ಕೆಲಸ ಬದಲಾಗುವಾಗ ನಡುವಿನ ಎರಡು ತಿಂಗಳು: ಶಾರ್ಟ್ ಟರ್ಮ್ ಇನ್ಶೂರೆನ್ಸ್ ತಗೋಬಹುದಾ?

ಅಮೆರಿಕದ ಆಸ್ಟಿನ್‌ನಿಂದ ಕೇಳಿರುವ ಸಹೋದರಿಗೆ ಈ ಉತ್ತರ. ಲೇ ಆಫ್ ಆದವರು, ಕೆಲಸ ಬದಲಿಸುತ್ತಿರುವವರು ಇಲ್ಲಿ ಬಹಳ ಜನ ಇದ್ದೀರಿ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಯಜಮಾನರ ಹಳೆ ಕಂಪನಿಯ ಇನ್ಶೂರೆನ್ಸ್ ಈ ತಿಂಗಳ ಕೊನೆಗೆ ಮುಗಿಯುತ್ತದೆ, ಹೊಸದು ಶುರುವಾಗಲು ಎರಡು ತಿಂಗಳ ಹತ್ತಿರ ಬೇಕು, ಮಗನಿಗೆ ಆಸ್ತಮಾ ಇದೆ, ಇನ್ಹೇಲರ್ ನಡೆಯುತ್ತಿದೆ ಅಂದಿರಿ. ಹಾಗಿದ್ದರೆ ಏಜೆಂಟ್ ಫೋನಿನಲ್ಲಿ ಹೇಳಿದ ಅಗ್ಗದ ಶಾರ್ಟ್ ಟರ್ಮ್ ಪ್ಲಾನ್ (ಕೆಲವೇ ತಿಂಗಳಿಗೆ ಕೊಳ್ಳುವ ತಾತ್ಕಾಲಿಕ ಆರೋಗ್ಯ ವಿಮೆ) ನಿಮ್ಮ ಮನೆಗೆ ಬೇಡ. ಕಾರಣ ಆ ಇನ್ಹೇಲರ್.

ಒಬಾಮಾಕೇರ್, ಅಂದರೆ ಇಲ್ಲಿನ ಆರೋಗ್ಯ ವಿಮೆ ಕಾನೂನಿನ ನಿಯಮಗಳು ಈ ಪ್ಲಾನ್‌ಗಳಿಗೆ ಅನ್ವಯಿಸುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ದುಡ್ಡು ಕೊಡುವುದಿಲ್ಲ ಅನ್ನಬಹುದು, ಅರ್ಜಿಯನ್ನೇ ತಿರಸ್ಕರಿಸಬಹುದು. ಅರ್ಜಿ ದಾಟಿತು ಅಂತ ನಿಶ್ಚಿಂತರಾಗುವ ಹಾಗೂ ಇಲ್ಲ. ದೊಡ್ಡ ಕ್ಲೇಮ್ ಬಂದಾಗ ಹಳೆಯ ಡಾಕ್ಟರ್ ಚೀಟಿ, ಫಾರ್ಮಸಿ ದಾಖಲೆ ತರಿಸಿ, ಇದು ಮುಂಚೆಯೇ ಇದ್ದ ತೊಂದರೆ ಅಂತ ಕ್ಲೇಮ್ ತಳ್ಳಿಹಾಕುವ ಕಂಪನಿಗಳಿವೆ. ಹೆರಿಗೆ, ಮಕ್ಕಳ ಲಸಿಕೆ, ದಿನನಿತ್ಯದ ಔಷಧಿ ಸಾಮಾನ್ಯವಾಗಿ ಇವುಗಳಲ್ಲಿ ಇರುವುದಿಲ್ಲ. ಬ್ರೋಷರ್‌ನ ಮೊದಲ ಪುಟ ಬಿಟ್ಟು "ಎಕ್ಸ್‌ಕ್ಲೂಷನ್ಸ್" ಅಂತಿರುವ ಪುಟ ತೆಗೆದು ಓದಿ. ಆಸ್ಪತ್ರೆ ಕೊಠಡಿಗೆ ದಿನಕ್ಕೆ ಇಷ್ಟೇ, ಒಟ್ಟು ಇಷ್ಟೇ ಡಾಲರ್ ಅಂತ ಮಿತಿ ಹಾಕಿರುತ್ತಾರೆ. ಮಿತಿ ದಾಟಿದ ಬಿಲ್ ನಿಮ್ಮದೇ.

ಊರಿನ ಪಾಲಿಸಿಯ ಅಭ್ಯಾಸ ಇಲ್ಲಿ ನಮ್ಮನ್ನು ಮೋಸಗೊಳಿಸುತ್ತದೆ. ಅಲ್ಲಿ ಬಿಪಿ, ಶುಗರ್ ಇದ್ದರೂ ವರ್ಷ ವರ್ಷ ರಿನ್ಯೂ ಮಾಡುತ್ತಾ ಹೋದರೆ, ಕಾಯುವ ಅವಧಿ ಮುಗಿದ ಮೇಲೆ ಅದಕ್ಕೂ ಕವರ್ ಸಿಗುತ್ತದೆ. ಶಾರ್ಟ್ ಟರ್ಮ್‌ನಲ್ಲಿ ಉಲ್ಟಾ: ಮೊದಲ ಪಾಲಿಸಿಯ ಅವಧಿಯಲ್ಲಿ ಹೊಸದಾಗಿ ಕಾಣಿಸಿಕೊಂಡ ಕಾಯಿಲೆ, ಅದು ಮುಗಿದು ಇನ್ನೊಂದು ಹೊಸ ಪಾಲಿಸಿ ಕೊಂಡಾಗ ಹಳೆ ಕಾಯಿಲೆ ಆಗಿಬಿಡುತ್ತದೆ. ಇದನ್ನು ಯಾವ ಏಜೆಂಟೂ ತಾನಾಗಿ ಹೇಳಿದ್ದು ನಾನು ಕೇಳಿಲ್ಲ. ಇನ್ನೊಂದು, ಈ ಪಾಲಿಸಿ ಮುಗಿದದ್ದನ್ನೇ ಕಾರಣ ಕೊಟ್ಟು ಮಾರ್ಕೆಟ್‌ಪ್ಲೇಸ್‌ಗೆ (ಒಬಾಮಾಕೇರ್ ಪ್ಲಾನ್ ಕೊಳ್ಳುವ ಸರ್ಕಾರಿ ತಾಣ) ವರ್ಷದ ಮಧ್ಯೆ ಸೇರಲು ಆಗುವುದಿಲ್ಲ. ಎಲ್ಲರಿಗೂ ಸೇರಲು ಬಿಡುವ ನವೆಂಬರ್‌ವರೆಗೆ ಕಾಯಬೇಕಾಗಬಹುದು.

ಅವಧಿಯ ಬಗ್ಗೆ ಗೊಂದಲ ಇದೆ. 2024ರ ಸೆಪ್ಟೆಂಬರ್‌ನಿಂದ ಮಾರುವ ಪಾಲಿಸಿಗೆ 3 ತಿಂಗಳು, ರಿನ್ಯೂ ಸೇರಿ 4 ತಿಂಗಳ ಮಿತಿ ಬಂತು. 2025ರ ಆಗಸ್ಟ್‌ನಲ್ಲಿ ಫೆಡರಲ್ ಸರ್ಕಾರ ಆ ಮಿತಿಯ ಜಾರಿಗೆ ಆದ್ಯತೆ ಕೊಡುವುದಿಲ್ಲ ಎಂದಿತು. ಕ್ಯಾಲಿಫೋರ್ನಿಯಾ, ಇಲಿನಾಯ್‌ನಂಥ ರಾಜ್ಯಗಳಲ್ಲಿ ಇವನ್ನು ಮಾರುವಂತೆಯೇ ಇಲ್ಲ.

ಈಗ ನೀವು ಮಾಡಬೇಕಾದದ್ದು. ಹಳೆ ಕಂಪನಿಯಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ನಿಮಗೆ ಕೋಬ್ರಾ ಹಕ್ಕು ಇದೆ, ಅಂದರೆ ಹಳೆ ಕಂಪನಿಯ ಇನ್ಶೂರೆನ್ಸನ್ನೇ ಸ್ವಂತ ದುಡ್ಡಿನಲ್ಲಿ ಮುಂದುವರಿಸುವ ಹಕ್ಕು. ಕಂಪನಿ ಕಟ್ಟುತ್ತಿದ್ದ ಪಾಲೂ ಸೇರಿ ಪೂರ್ತಿ ಪ್ರೀಮಿಯಂ, ಮೇಲೆ ಶೇ. 2 ಶುಲ್ಕ. ಮೊತ್ತ ನೋಡಿ ಗಾಬರಿಯಾಗುವುದು ಸಹಜ. ಆದರೆ ಬೇಕೋ ಬೇಡವೋ ಅಂತ ನಿರ್ಧರಿಸಲು 60 ದಿನ ಇರುತ್ತದೆ. ಕವರ್ ನಿಂತ ದಿನ ಅಥವಾ ಕೋಬ್ರಾ ನೋಟಿಸ್ ಕಳುಹಿಸಿದ ದಿನ, ಯಾವುದು ತಡವೋ ಅಲ್ಲಿಂದ ಎಣಿಕೆ. ಅಷ್ಟರೊಳಗೆ ಒಪ್ಪಿಕೊಂಡರೆ ಕವರ್ ನಿಂತ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ, ಮೊದಲ ಕಂತಿಗೆ ಇನ್ನೂ 45 ದಿನ. ಅಂದರೆ ಎರಡು ತಿಂಗಳು ಏನೂ ಆಗದಿದ್ದರೆ ಒಂದು ಪೈಸೆ ಕೊಡಬೇಕಿಲ್ಲ. ಒಂದು ರಾತ್ರಿ ಮಗನಿಗೆ ಉಸಿರು ಕಟ್ಟಿ ಎಮರ್ಜೆನ್ಸಿಗೆ ಓಡಬೇಕಾಯಿತು ಅನ್ನಿ, ಆಮೇಲೆ ಕೋಬ್ರಾ ತಗೊಂಡು, ಹಿಂದಿನ ಬಾಕಿ ಕಟ್ಟಿದರೆ ಆ ಬಿಲ್‌ಗೂ ಕವರ್ ಇರುತ್ತದೆ. ಆಸ್ಪತ್ರೆಯ ಕಂಪ್ಯೂಟರ್‌ನಲ್ಲಿ ಮಾತ್ರ ಆ ಹೊತ್ತಿಗೆ ಇನ್ಶೂರೆನ್ಸ್ ಇಲ್ಲ ಅಂತ ತೋರಿಸುತ್ತದೆ. ಬಿಲ್ಲಿಂಗ್‌ನವರ ಜೊತೆ ಮಾತಾಡಿ ಮತ್ತೆ ಕ್ಲೇಮ್ ಹಾಕಿಸಬೇಕು, ತಲೆನೋವಿನ ಕೆಲಸ, ಆದರೆ ಆಗುತ್ತದೆ. ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಹಕ್ಕಿದೆ, ಮಗನೊಬ್ಬನಿಗೆ ಮಾತ್ರವೂ ತಗೋಬಹುದು.

ಇನ್ಶೂರೆನ್ಸ್ ಶುರುವಾಗಲು ಹೊಸ ಕಂಪನಿ 90 ದಿನ ಅಂದರೆ ಲೆಕ್ಕ ಬದಲಾಗುತ್ತದೆ. ಆಗ 60 ದಿನ ಮುಗಿಯುವ ಮುಂಚೆ ಕೋಬ್ರಾ ಆರಿಸಿ, ಇಲ್ಲವೇ ಕಂಪನಿಯ ಇನ್ಶೂರೆನ್ಸ್ ಹೋದ ಕಾರಣ ಕೊಟ್ಟು ಮಾರ್ಕೆಟ್‌ಪ್ಲೇಸ್ ನೋಡಿ. ಎಚ್‌1ಬಿ, ಎಚ್‌4 ವೀಸಾ ಇದ್ದವರೂ ಅಲ್ಲಿ ಕೊಳ್ಳಬಹುದು. ಆದರೆ ಮಾರ್ಕೆಟ್‌ಪ್ಲೇಸ್ ಪ್ಲಾನ್ ಕೋಬ್ರಾ ಹಾಗೆ ಹಿಂದಿನ ದಿನಗಳಿಗೆ ಅನ್ವಯಿಸುವುದಿಲ್ಲ.

ಶಾರ್ಟ್ ಟರ್ಮ್ ಯಾರಿಗೂ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಬೆಂಗಳೂರಿನಿಂದ ಮೊದಲ ಕೆಲಸಕ್ಕೆ ಬಂದ, ಯಾವ ಔಷಧಿಯೂ ಇಲ್ಲದ ಒಂಟಿ ಹುಡುಗ ಅಥವಾ ಹುಡುಗಿ, ಕೋಬ್ರಾಗೆ ಹಳೆ ಕಂಪನಿಯೇ ಇಲ್ಲ, ಕೆಲವೇ ವಾರಗಳ ಅಂತರ: ಅಪಘಾತದ ಭಯಕ್ಕೆ ತಗೊಳ್ಳಲಿ. ಗರ್ಭಿಣಿ ಇರುವ ಮನೆಗೆ, ಮಕ್ಕಳಿಗೆ ನಡೆಯುತ್ತಿರುವ ಚಿಕಿತ್ಸೆ ಇರುವ ಮನೆಗೆ ನನ್ನ ಸಲಹೆ ಬೇಡ ಅಂತಲೇ.

ಈ ವಾರವೇ ಮಗನ ಡಾಕ್ಟರಿಗೆ ಫೋನ್ ಮಾಡಿ, ಹಳೆ ಇನ್ಶೂರೆನ್ಸ್ ಇರುವಾಗಲೇ 90 ದಿನದ ಇನ್ಹೇಲರ್ ಬರೆಸಿಕೊಳ್ಳಿ. ಹೊಸ ಕಂಪನಿಯ ಎಚ್‌ಆರ್‌ಗೆ ಇನ್ಶೂರೆನ್ಸ್ ಶುರುವಾಗುವ ತಾರೀಕನ್ನು ಇಮೇಲ್‌ನಲ್ಲಿ ಕೇಳಿ. ತಾರೀಕು ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ದಿನಗಳ ಲೆಕ್ಕ ಒಟ್ಟಿಗೆ ಹಾಕೋಣ.