ಅಪ್‌ಡೇಟ್: ಮೋವರ್‌ನ ಪಂಕ್ಚರ್ ಚಕ್ರ ನಾನೇ ಬಿಚ್ಚಿ ಹಾಕಿದೆ

ಒಹಾಯೋದ ನಮ್ಮ ಮನೆಯ ರೈಡಿಂಗ್ ಮೋವರ್‌ನ (ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ) ಮುಂದಿನ ಎಡ ಟೈರ್ ಪೂರ್ತಿ ಕೂತುಬಿಟ್ಟಿದೆ, ಒಬ್ಬನೇ ಬಿಚ್ಚಬಹುದಾ ಅಂತ ಹೋದ ವಾರ ಕೇಳಿದ್ದೆನಲ್ಲ, ಕೆಲಸ ಆಯಿತು. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಗಾಡಿಯನ್ನು ಹುಲ್ಲಿನಿಂದ ಸಿಮೆಂಟ್ ನೆಲಕ್ಕೆ ತಂದೆ. ಬ್ಲೇಡ್ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಹಾಕಿ, ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಸ್ಪಾರ್ಕ್ ಪ್ಲಗ್ ವೈರನ್ನೂ ಕಳಚಿದೆ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಟ್ಟೆ. ಜ್ಯಾಕ್ ಇಟ್ಟಿದ್ದು ಮುಂದಿನ ಆಕ್ಸಲ್ ಕೆಳಗೆ. ಬ್ಲೇಡ್ ಇರುವ ಡೆಕ್ ಕೆಳಗೆ ಇಟ್ಟರೆ ತಗಡು ಬಗ್ಗುತ್ತದೆ. ಎತ್ತಿದ ಮೇಲೆ ಸ್ಟ್ಯಾಂಡ್ ಕೊಟ್ಟೆ. ದಯವಿಟ್ಟು ಬರೀ ಜ್ಯಾಕ್ ನಂಬಿ ಕೈ ಹಾಕಬೇಡಿ.

ಕಾರಿನ ಥರ ನಾಲ್ಕೈದು ನಟ್ ಇರುತ್ತವೆ ಅಂದುಕೊಂಡಿದ್ದೆ. ಒಂದೂ ಇಲ್ಲ! ಕಪ್ಪು ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಳಗೆ ಬಾಯಿ ತೆರೆದ ಬಳೆಯಂಥ ಒಂದು ಕ್ಲಿಪ್, ಅದರ ಹಿಂದೆ ವಾಷರ್, ಸುತ್ತ ಒಣಗಿ ಮೇಣದಂತಾದ ಗ್ರೀಸ್. ಸ್ಕ್ರೂಡ್ರೈವರ್‌ನಿಂದ ಮೀಟಿದ ತಕ್ಷಣ ಕ್ಲಿಪ್ ಟಣ್ ಅಂತ ಹಾರಿ ಗ್ಯಾರೇಜ್ ಬಾಗಿಲಿಗೆ ಬಡಿಯಿತು. ಕನ್ನಡಕ ಹಾಕಿಕೊಳ್ಳಿ ಅಂತ ನೀವು ಒತ್ತಿ ಹೇಳಿದ್ದು ಎಷ್ಟು ಒಳ್ಳೆಯದಾಯಿತು ಅಲ್ವಾ!

ಟೈರ್‌ನಲ್ಲಿ ಸಣ್ಣ ಮೊಳೆ ಇತ್ತು. ಅದನ್ನು ಕಿತ್ತು, ಒಳಗೆ ಹೊಸ ಟ್ಯೂಬ್ ಹಾಕಿದೆ. ಆಕ್ಸಲ್ ಒರೆಸಿ, ಹೊಸ ಗ್ರೀಸ್ ಸವರಿ, ವಾಷರ್ ಮತ್ತು ಕ್ಲಿಪ್ ಇದ್ದ ಹಾಗೇ ಕೂರಿಸಿದೆ. ಗಾಳಿ ಕೈಪಿಡಿಯಲ್ಲಿದ್ದಷ್ಟೇ, 14 ಪಿಎಸ್‌ಐ. ಕಾರಿನ ಅರ್ಧದಷ್ಟೂ ಬೇಡ, ಜಾಸ್ತಿ ತುಂಬಬಾರದು.

ಶನಿವಾರ ಇಡೀ ಹಿತ್ತಲಿನ ಹುಲ್ಲು ಕತ್ತರಿಸಿದೆ. ಇವತ್ತು ಮತ್ತೆ ಅಳೆದೆ, ಗಾಳಿ ಇಳಿದಿಲ್ಲ.