ಅಂಗಳದ ಮಳೆಯೂ ಮೊಬೈಲಿನ ಮಳೆಯೂ

ಪೆರ್ಲದ ಮಗಳೇ, ನಮ್ಮ ಮನೆಯವರ ಮೊಬೈಲ್ ಗುಂಪಿನಲ್ಲಿ ನೀನು ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆಯೇ ಓದಿದೆ. ದೋಸೆ ಹೊಯ್ಯುತ್ತಿದ್ದೆ, ಕೈತುಂಬ ಹಿಟ್ಟು, ಅದಕ್ಕೆ ಈಗ ಮಾತನಾಡುತ್ತಿದ್ದೇನೆ. ಪ್ಲಸ್ ಟು ಓದುವ ನಿನ್ನ ಹುಡುಗಿ ರಾತ್ರಿ ಎರಡರವರೆಗೆ ಕೊರಿಯಾದ ಧಾರಾವಾಹಿ ನೋಡುತ್ತಾಳೆ, ಪಕ್ಕದಲ್ಲಿ ಕುಳಿತು ನೋಡಿದರೆ ಒಂದು ಗಂಟೆಯಾದರೂ ಏನೂ ನಡೆಯುವುದಿಲ್ಲ, ಇಷ್ಟು ನಿಧಾನದ್ದನ್ನು ನೋಡಿ ಅಳುವವಳಿಗೆ ಮನಸ್ಸಿನ ತೊಂದರೆ ಏನಾದರೂ ಇರಬಹುದೇ ಎಂದು ಕೇಳಿದ್ದೀಯೆ. ಅವಳಿಗೇನೂ ಆಗಿಲ್ಲ. ಅವಳ ಅಜ್ಜನ ಕಡೆಯವರೆಲ್ಲ ಹಾಗೆಯೇ, ಗೊತ್ತಲ್ಲ. ನೀರ್ಚಾಲಿನ ಮಾವ ದನ ಕರು ಹಾಕಿದರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಆದರೆ ಒಂದು ಮಾತು ಹೇಳುತ್ತೇನೆ, ಎಲ್ಲರೂ ಕೇಳಿಸಿಕೊಳ್ಳಿ. ಏನೂ ನಡೆಯದ ಧಾರಾವಾಹಿಯನ್ನು ನಂಬಬೇಡಿ. ಹೊಡೆದಾಟದ ಕಥೆಯಾದರೆ ಕೆಲಸ ಬಿಟ್ಟು ನೋಡುತ್ತಿದ್ದೇವೆ ಎಂಬುದಾದರೂ ನಮಗೆ ಗೊತ್ತಿರುತ್ತದೆ. ನಿಧಾನದ್ದು ಹಾಗಲ್ಲ. ಅದರ ಪಾಡಿಗೆ ಅದು ಇರಲಿ, ನನ್ನ ಪಾಡಿಗೆ ನಾನು ಕೆಲಸ ಮಾಡುತ್ತೇನೆ ಎಂದುಕೊಳ್ಳುತ್ತೇವೆ.

ನಾನೂ ಹಾಗೆಯೇ ಅಂದುಕೊಂಡಿದ್ದೆ. ಮೂರು ವರ್ಷದ ಹಿಂದೆ ಮೊಣಕಾಲು ನೋವಿನಲ್ಲಿ ಮನೆ ಹಿಡಿದಿದ್ದಾಗ ಮಂಗಳೂರಿನ ಸೊಸೆ ಮೊಬೈಲಿನಲ್ಲಿ ಒಂದನ್ನು ಹಾಕಿಕೊಟ್ಟಳು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೆಲ್ಲ ಅದನ್ನೇ ಹುಡುಕುತ್ತೀರಿ. 16 ಕಂತು, ಒಂದೊಂದೂ ಒಂದು ಗಂಟೆಗೆ ಮೇಲೆ. ಮೊದಲ ನಾಲ್ಕೈದು ಚೆನ್ನಾಗಿದ್ದವು. ಆಮೇಲೆ ಅವನು ಅವಳನ್ನು ನೋಡುತ್ತಾನೆ, ಅವಳು ಕಿಟಕಿಯನ್ನು ನೋಡುತ್ತಾಳೆ, ಅದೇ ಹಾಡು ಮೂರು ಸಲ ಬರುತ್ತದೆ. ಬಾಯಿ ಬಿಟ್ಟು ಒಂದು ಮಾತು ಹೇಳಿದರೆ ಮುಗಿಯುವ ತಪ್ಪು ತಿಳುವಳಿಕೆಗೆ ನಾಲ್ಕು ಕಂತು. ನಮ್ಮಲ್ಲಿ ಜಾತಕ ತರುವವರು ಯಾರಾದರೂ ನಡುವೆ ಇದ್ದಿದ್ದರೆ ಮಧ್ಯಾಹ್ನದ ಊಟದೊಳಗೆ ಇತ್ಯರ್ಥವಾಗುತ್ತಿತ್ತು.

ಡಿಸೆಂಬರ್ ತಿಂಗಳು. ಅಂಗಳ ತುಂಬ ಅಡಿಕೆ. ಹಣ್ಣಡಿಕೆ ಒಣಗಿ ಚಾಲಿಯಾಗಲು ನಲವತ್ತು ದಿನದ ಬಿಸಿಲು ಬೇಕು, ಮೂವತ್ತು ಮುಗಿದಿತ್ತು. ನಿಮ್ಮ ದೊಡ್ಡಪ್ಪ ಪುತ್ತೂರಿಗೆ ಹೊರಟವರು ಮೆಟ್ಟಿಲಲ್ಲಿ ನಿಂತು, “ಮೋಡ ಕಂಡರೆ ಟಾರ್ಪಾಲು ಎಳೆ, ಪಕ್ಕದ ಮನೆಯವರನ್ನು ಕರೆ” ಎಂದು ಎರಡು ಸಲ ಹೇಳಿಯೇ ಹೋದರು. ನಾನು ಒಳಗೆ ಉಪ್ಪಿನ ಭರಣಿಗೆ ಮೊಬೈಲನ್ನು ಒರಗಿಸಿಟ್ಟು ಬಾಳೆದಿಂಡು ಹೆಚ್ಚಲು ಕುಳಿತೆ. ಬಿಲ್ಲೆ ಬಿಲ್ಲೆಯಾಗಿ ಕೊಯ್ಯುವುದು, ನಾರನ್ನು ಬೆರಳಿಗೆ ಸುತ್ತಿಕೊಳ್ಳುವುದು, ಒಮ್ಮೊಮ್ಮೆ ತಲೆಯೆತ್ತಿ ನೋಡುವುದು. ಅಲ್ಲಿ ಇಬ್ಬರೂ ಒಂದು ಕೊಡೆಯ ಕೆಳಗೆ ನಿಂತಿದ್ದರು. ಮಳೆ. ಮಾತಿಲ್ಲ. ಮತ್ತೂ ಮಳೆ. ದೃಶ್ಯ ಬದಲಾಗಿ ಅವನು ಕಚೇರಿಯೊಳಗೆ ಬಂದು ಕುಳಿತ, ಮಳೆಯ ಸದ್ದು ಮಾತ್ರ ನಿಲ್ಲಲಿಲ್ಲ. ಅವನ ಮನಸ್ಸಿನೊಳಗೆ ಇನ್ನೂ ಮಳೆ ಸುರಿಯುತ್ತಿದೆ, ಎಷ್ಟು ಚಂದ ತೋರಿಸಿದ್ದಾರೆ ಎಂದು ಮೆಚ್ಚಿಕೊಂಡೆ ನೋಡಿ! ಮೂಗಿಗೆ ಮಣ್ಣಿನ ವಾಸನೆ ಬಡಿದಾಗ ಎದೆ ಧಸಕ್ಕೆಂದಿತು. ಮೊಬೈಲಿನಿಂದ ಮಣ್ಣಿನ ವಾಸನೆ ಬರುವುದಿಲ್ಲವಲ್ಲ.

ಕಾಲೆಳೆದುಕೊಂಡು ಹೊರಗೆ ಬರುವಷ್ಟರಲ್ಲಿ ಅಡಿಕೆಯ ನಡುವೆ ನೀರು ಹರಿಯುತ್ತಿತ್ತು. ಸಂಜೆ ಬಂದ ದೊಡ್ಡಪ್ಪ ಬೈಯಲಿಲ್ಲ. ಒಂದು ಅಡಿಕೆಯನ್ನು ಹೆಕ್ಕಿ ಉಗುರಿನಿಂದ ಸಿಪ್ಪೆ ಒತ್ತಿ ನೋಡಿ ಅಲ್ಲಿಯೇ ಹಾಕಿದರು. ಸುಲಿಸಿದಾಗ ಅರ್ಧಕ್ಕರ್ಧ ಪಟೋರ ಮತ್ತು ಕರಿಗೋಟು, ಕಡಿಮೆ ದರಕ್ಕೆ ಹೋಗುವ ಕೆಟ್ಟ ಅಡಿಕೆ. ಇಂದಿಗೂ ಹಂಚಿನ ಮೇಲೆ ಹನಿ ಬಿದ್ದರೆ ಸಾಕು, “ಇದು ಯಾವ ಊರಿನ ಮಳೆ?” ಎಂದು ಕೇಳುತ್ತಾರೆ. ಅದಕ್ಕೇ ಹೇಳುವುದು, ಏನೂ ನಡೆಯದ ಧಾರಾವಾಹಿಯನ್ನು ನಂಬಬೇಡಿ ಎಂದು.

ಹಾಗೆಂದು ನಿಧಾನವೆಲ್ಲ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕೊರಿಯಾದ್ದೇ ‘ಜ್ಯುವೆಲ್ ಇನ್ ದ ಪ್ಯಾಲೇಸ್’ ಎಂದು 2003ರಲ್ಲಿ ಆರಂಭವಾದದ್ದು ಒಂದಿದೆ, 54 ಕಂತು, ಅರಮನೆಯ ಅಡುಗೆಮನೆ ಸೇರಿ ಕೊನೆಗೆ ರಾಜನ ವೈದ್ಯೆಯಾದವಳ ಕಥೆ. ಅಡುಗೆಮನೆಯ ಹಿರಿಯಳು ಪುಟ್ಟ ಹುಡುಗಿಗೆ ಕುಡಿಯಲು ನೀರು ತಾ ಎನ್ನುತ್ತಾಳೆ, ತಂದರೆ ಸರಿಯಾಗಲಿಲ್ಲ ಎನ್ನುತ್ತಾಳೆ. ಮರುದಿನವೂ ಅದೇ. ಕುಡಿಯುವವರ ಹೊಟ್ಟೆ ಹೇಗಿದೆ, ಗಂಟಲು ಹೇಗಿದೆ ಎಂದು ಮೊದಲು ಕೇಳಬೇಕೆಂದು ಹುಡುಗಿಗೆ ತಾನಾಗಿಯೇ ಹೊಳೆಯುವವರೆಗೂ ಬಿಡುವುದಿಲ್ಲ. ಅದನ್ನು ಎರಡು ನಿಮಿಷದಲ್ಲಿ ಮುಗಿಸಿದರೆ ಏನು ಬಂತು? ಕೊಡೆಯ ಕೆಳಗಿನವರು ಮಾತ್ರ ಸುಮ್ಮನೆ ಗಂಟೆ ತುಂಬಿಸಿದವರು. ಚೀನಾದಲ್ಲಂತೂ ಎಳೆದಾಟ ಎಷ್ಟಾಯಿತೆಂದರೆ 2020ರಲ್ಲಿ ಸರ್ಕಾರವೇ 40 ಕಂತು ಮೀರಬಾರದು ಎಂದು ಸೂಚನೆ ಹೊರಡಿಸಿತು. ನಮ್ಮ ಕನ್ನಡದ ಅತ್ತೆ ಸೊಸೆಯರಿಗೆ ಹಾಗೆ ಹೇಳುವವರು ಯಾರೂ ಇಲ್ಲ.

ನಿಧಾನ ಎಂದಾಗ ನೆನಪಾಯಿತು. ಹೋದ ವರ್ಷ ನಮ್ಮ ಹರಕೆಯ ಯಕ್ಷಗಾನ ಆಟಕ್ಕೆ ನೀವೆಲ್ಲ ಬಂದಿರಿ. ಇನ್ನೂರು ಜನರಿಗೆ ಅಡುಗೆ, ಹೋಳಿಗೆ ಬೇರೆ. ಊಟವಾಗಿ ಹನ್ನೊಂದು ಗಂಟೆಯಾಗುವಾಗ ಕುರ್ಚಿಗಳೆಲ್ಲ ಖಾಲಿ. ವೇಷ ತೆರೆಯ ಹಿಂದಿನಿಂದ ಕುಣಿಯುತ್ತ ಬರುವ ತೆರೆ ಒಡ್ಡೋಲಗಕ್ಕೆ ಇಷ್ಟು ಹೊತ್ತೇ, ಬೇಸರ ಬರುತ್ತದೆ ಎಂದು ಈ ಗುಂಪಿನಲ್ಲಿಯೇ ಒಬ್ಬರು ಹೇಳಿದರು. ಯಾರೆಂದು ನಾನು ಹೇಳಬೇಕಾಗಿಲ್ಲ. ಯಕ್ಷಗಾನದ ಪ್ರಸಂಗ ಬರೆದ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು, ನಮಗೆ ಈಗ ಆಟವೂ ಕಾಲಮಿತಿಯದ್ದೇ ಆಗಬೇಕು. ಯಾರೋ ಕೊರಿಯಾದವನು ಬಾಯಿ ಬಿಡಲಿ ಎಂದು ಬೆಳಗಿನವರೆಗೆ ಕಾಯಲು ಮಾತ್ರ ಯಾರಿಗೂ ನಿದ್ದೆ ಬರುವುದಿಲ್ಲ. ಕೊನೆಯವರೆಗೆ ಕುಳಿತಿದ್ದದ್ದು ನಾನು, ದೊಡ್ಡಪ್ಪ ಮತ್ತು ಪಕ್ಕದ ಮನೆಯ ನಾಯಿ.

ಅಯ್ಯೋ, ನೀನು ಕೇಳಿದ್ದೇ ಮರೆತುಹೋಯಿತು. ಮೊಬೈಲನ್ನು ಕಿತ್ತುಕೊಳ್ಳಬೇಡ. ಮುಂದಿನ ಕಂತು ತಾನಾಗಿಯೇ ಶುರುವಾಗುವ ವ್ಯವಸ್ಥೆಯೊಂದು ಸೆಟ್ಟಿಂಗಿನಲ್ಲಿ ಇರುತ್ತದೆ, ಮೊದಲು ಅದನ್ನು ಆಫ್ ಮಾಡಿಸು. ಎರಡನೆಯದು, ಕಂತು ಮುಗಿದ ಮೇಲೆ ನಿಲ್ಲಿಸುತ್ತೇನೆ ಎಂದರೆ ಒಪ್ಪಬೇಡ. ಇಡೀ ಗಂಟೆ ಮಲಗಿದ್ದ ಕಥೆ ಕೊನೆಯ ಐದು ನಿಮಿಷದಲ್ಲಿ ಎದ್ದು ಕೂರುತ್ತದೆ, ಕೊಕ್ಕೆ ಇರುವುದೇ ಅಲ್ಲಿ. ನಡುವೆ ಎಲ್ಲರೂ ಕುಳಿತು ಊಟ ಮಾಡುವ ದೃಶ್ಯ ಬಂದೇ ಬರುತ್ತದೆ, ಅಲ್ಲಿ ನಿಲ್ಲಿಸಿದರೆ ಯಾರಿಗೂ ಸಂಕಟವಿಲ್ಲ. ಅವರ ಊರಿನಲ್ಲಿ ಇಂತಹವು ಹೆಚ್ಚಾಗಿ ವಾರಕ್ಕೆ ಎರಡೇ ಕಂತಿನಂತೆ ಬರುತ್ತಿದ್ದವು, 16 ಕಂತಿಗೆ ಎಂಟು ವಾರ. ಜಪಾನಿನ ‘ಓಶಿನ್’ 297 ಕಂತು ನಡೆದರೂ ದಿನಕ್ಕೆ ಹದಿನೈದೇ ನಿಮಿಷ. ವಾರಕ್ಕೆ ಎರಡು, ಶನಿವಾರ ಒಂದು, ಭಾನುವಾರ ಒಂದು ಎಂದು ಮಾತು ಮಾಡಿಕೋ. ಮಾರ್ಚ್ ಪರೀಕ್ಷೆ ಮುಗಿಯುವವರೆಗೆ ಅದೂ ಹಗಲಿನಲ್ಲಿ.

ಮತ್ತೆ, ಅವಳು ಈಗ ನೋಡುತ್ತಿರುವುದರ ಹೆಸರೇನೆಂದು ನನಗೆ ಬರೆದು ಕಳುಹಿಸು. ನನ್ನ ಫೋನಿಗೇ ಕಳುಹಿಸು, ದೊಡ್ಡಪ್ಪನದಕ್ಕೆ ಬೇಡ.